ಶೋಧ ಫಲಿತಾಂಶದ ವಿವರಣೆ

ಶೋಧ ಫಲಿತಾಂಶದ ವಿವರಣೆ ಎಂದರೆ ಗೂಗಲ್, ಬಿಂಗ್ ಮೊದಲಾದ ಶೋಧಯಂತ್ರಗಳು ಜಾಲಪುಟವೊಂದರ ಶೀರ್ಷಿಕೆಯ ಕೆಳಗೆ ತೋರಿಸುವ ಒಂದೆರಡು ಸಾಲಿನ ಬರಹ. ಪುಟದಲ್ಲಿ ಏನಿದೆ ಎಂದು ತಿಳಿಸಿ, ಹುಡುಕುವವರು ಆ ಕೊಂಡಿಯನ್ನೇ ಒತ್ತುವಂತೆ ಮಾಡುವುದು ಅದರ ಉದ್ದೇಶ. ಇದನ್ನು ಬರೆಯುವುದು ಸಂಪಾದಕೀಯ ಕೆಲಸವೂ ಹೌದು, ವ್ಯಾಪಾರದ ಕೆಲಸವೂ ಹೌದು. ಈ ಲೇಖನದ ಉದಾಹರಣೆಗಳು ವಿಜಯಪುರ ನಗರ ಮತ್ತು ಅದರ ನೆರೆಯ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳವು. ಹೊರಗಿನವರು ಹುಡುಕಿಕೊಂಡು ಬರುವ ಆದಿಲ್‌ಶಾಹಿ ಸ್ಮಾರಕಗಳು, ದೂರದ ಪೇಟೆಗಳಿಗೆ ಹೋಗುವ ಒಣದ್ರಾಕ್ಷಿ, ಜೊತೆಗೆ ಎರಡು ಹೆಸರು ಹೊತ್ತ ಊರು ಇಲ್ಲಿ ಒಟ್ಟಿಗೆ ಇರುವುದರಿಂದ, ವಿವರಣೆ ಬರೆಯುವವರಿಗೆ ಎದುರಾಗುವ ಬಹುತೇಕ ಪ್ರಶ್ನೆಗಳು ಈ ಪ್ರದೇಶದಲ್ಲಿ ಸಿಗುತ್ತವೆ.

ಪರಿಭಾಷೆ

ಮೂರು ಸಂಗತಿಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಪುಟದ ಮಾಲೀಕರು ಎಚ್‌ಟಿಎಮ್‌ಎಲ್ ಸಂಕೇತದಲ್ಲಿ ಬರೆದಿಡುವ ವಾಕ್ಯ ‘ವಿವರಣೆ ಟ್ಯಾಗ್’. ಮೆಟಾ ಡಿಸ್ಕ್ರಿಪ್ಷನ್ ಎಂದು ರೂಢಿಯಲ್ಲಿರುವುದು ಇದೇ. ಶೋಧಯಂತ್ರ ಕೊನೆಗೆ ಪರದೆಯ ಮೇಲೆ ತೋರಿಸುವ ಬರಹ ‘ತುಣುಕು’, ಅಂದರೆ ಸ್ನಿಪೆಟ್. ಮೇಲೆ ನೀಲಿ ಬಣ್ಣದಲ್ಲಿ ಕಾಣುವುದು ‘ಶೀರ್ಷಿಕೆ ಕೊಂಡಿ’. ಟ್ಯಾಗ್‌ನಲ್ಲಿ ಬರೆದದ್ದೇ ತುಣುಕಾಗಿ ಬರುತ್ತದೆ ಎಂಬುದು ಬಹಳ ಜನರ ತಪ್ಪು ತಿಳಿವಳಿಕೆ. ಟ್ಯಾಗ್ ಒಂದು ಸಲಹೆ ಮಾತ್ರ, ತೀರ್ಮಾನ ಯಂತ್ರದ್ದು.

ಒಂದು ಫಲಿತಾಂಶ ಎಷ್ಟು ಸಲ ಕಣ್ಣಿಗೆ ಬಿತ್ತು ಎಂಬುದನ್ನು ‘ಪ್ರದರ್ಶನ’ ಎಂದೂ, ಅದರಲ್ಲಿ ಎಷ್ಟು ಸಲ ಒತ್ತಲಾಯಿತು ಎಂಬುದರ ಶೇಕಡಾವಾರನ್ನು ‘ಕ್ಲಿಕ್ ಪ್ರಮಾಣ’ ಎಂದೂ ಇಲ್ಲಿ ಕರೆದಿದೆ. 1,000 ಪ್ರದರ್ಶನಕ್ಕೆ 30 ಕ್ಲಿಕ್ ಬಂದರೆ ಕ್ಲಿಕ್ ಪ್ರಮಾಣ ಶೇ 3.

ಹಿನ್ನೆಲೆ

ದೊಡ್ಡ ಬರಹವನ್ನು ನಾಲ್ಕು ಸಾಲಿಗಿಳಿಸಿ, ಓದಬೇಕೋ ಬೇಡವೋ ಎಂದು ಓದುಗರೇ ನಿರ್ಧರಿಸಲು ಬಿಡುವ ಪದ್ಧತಿ ಗ್ರಂಥಾಲಯಗಳಲ್ಲಿ ಹಿಂದಿನಿಂದಲೂ ಇತ್ತು. ಯಂತ್ರದಿಂದಲೇ ಈ ಕೆಲಸ ಮಾಡಿಸುವ ಮೊದಲ ಪ್ರಯತ್ನಗಳಲ್ಲಿ ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ 1958ರಲ್ಲಿ ಪ್ರಕಟಿಸಿದ ಸಾರಾಂಶ ವಿಧಾನ ಮುಖ್ಯವಾದುದು. ಪದವೊಂದನ್ನು ಅದರ ಅಕ್ಕಪಕ್ಕದ ಮಾತುಗಳೊಂದಿಗೆ ತೋರಿಸುವ ಸೂಚಿಯನ್ನು ಬಳಕೆಗೆ ತಂದವರೂ ಅವರೇ. ಇಂದಿನ ತುಣುಕು ಮಾಡುವ ಕೆಲಸವೂ ಬಹುಮಟ್ಟಿಗೆ ಅದೇ.

1995ರ ನವೆಂಬರ್‌ನಲ್ಲಿ ಪ್ರಕಟವಾದ ಎಚ್‌ಟಿಎಮ್‌ಎಲ್ 2.0 ಮಾನದಂಡದಲ್ಲಿ ಮೆಟಾ ಅಂಶಕ್ಕೆ ಜಾಗ ಸಿಕ್ಕಿತು. ಇನ್ಫೋಸೀಕ್, ಆಲ್ಟಾವಿಸ್ಟಾದಂಥ ಅಂದಿನ ಯಂತ್ರಗಳು ವಿವರಣೆ ಟ್ಯಾಗ್ ಹಾಗೂ ಕೀಲಿಪದ ಟ್ಯಾಗ್ ಎರಡನ್ನೂ ಓದುತ್ತಿದ್ದವು. ಪುಟದಲ್ಲಿ ಇಲ್ಲದ ಪದಗಳನ್ನೆಲ್ಲ ಕೀಲಿಪದ ಟ್ಯಾಗ್‌ಗೆ ತುರುಕುವ ಚಾಳಿ ಬೇಗನೆ ಹಬ್ಬಿ ಆ ಟ್ಯಾಗ್ ನಂಬಿಕೆ ಕಳೆದುಕೊಂಡಿತು. 1998ರಲ್ಲಿ ಆರಂಭವಾದ ಗೂಗಲ್, ಹುಡುಕಿದ ಪದ ಪುಟದ ಯಾವ ಭಾಗದಲ್ಲಿ ಬಂದಿದೆಯೋ ಆ ಭಾಗವನ್ನೇ ಎತ್ತಿ ತೋರಿಸುವ ದಾರಿ ಹಿಡಿಯಿತು. ಕೀಲಿಪದ ಟ್ಯಾಗನ್ನು ಶ್ರೇಯಾಂಕಕ್ಕೆ ಪರಿಗಣಿಸುವುದಿಲ್ಲ ಎಂದು 2009ರ ಸೆಪ್ಟೆಂಬರ್‌ನಲ್ಲಿ ಸಾರ್ವಜನಿಕವಾಗಿ ಹೇಳಿದ ಅದು, ವಿವರಣೆ ಟ್ಯಾಗ್ ಸಹ ಶ್ರೇಯಾಂಕಕ್ಕೆ ಬರುವುದಿಲ್ಲ, ಆದರೆ ಕೆಲವೊಮ್ಮೆ ತುಣುಕಾಗಿ ಬಳಕೆಯಾಗುತ್ತದೆ ಎಂದು ಸ್ಪಷ್ಟಪಡಿಸಿತು. ಚೆನ್ನಾಗಿ ಬರೆದ ವಿವರಣೆ ಪುಟವನ್ನು ಮೇಲಕ್ಕೆ ಏರಿಸುವುದಿಲ್ಲ. ಇರುವ ಸ್ಥಾನದಲ್ಲೇ ಹೆಚ್ಚು ಜನರನ್ನು ಒಳಗೆ ಕರೆತರುತ್ತದೆ.

ಸ್ವಯಂಸೇವಕರು ಕಟ್ಟಿದ ಡಿಮೋಜ್ ಕೋಶದ ವಿವರಣೆಗಳನ್ನೂ ಗೂಗಲ್ ಬಹುಕಾಲ ಬಳಸಿತು. 2017ರಲ್ಲಿ ಆ ಕೋಶ ಮುಚ್ಚಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ತುಣುಕುಗಳು ಸುಮಾರು 320 ಅಕ್ಷರಗಳವರೆಗೆ ಬೆಳೆದು, 2018ರ ಮೇ ಹೊತ್ತಿಗೆ ಮತ್ತೆ 160ರ ಆಸುಪಾಸಿಗೆ ಇಳಿದವು. ನಡುವಿನ ತಿಂಗಳುಗಳಲ್ಲಿ ಉದ್ದನೆಯ ವಿವರಣೆ ಬರೆದಿಟ್ಟವರು ಎಲ್ಲವನ್ನೂ ಮತ್ತೆ ಮೊಟಕು ಮಾಡಬೇಕಾಯಿತು.

ಕನ್ನಡದ ಮಟ್ಟಿಗೆ ಈ ಇತಿಹಾಸ ತಡವಾಗಿ ಶುರುವಾಗುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗವಿದ್ದರೂ, ಮುಂದಿನ ದಶಕದ ಬಹುಪಾಲು ಕನ್ನಡ ಪುಟಗಳು ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಖಾಸಗಿ ಫಾಂಟ್‌ಗಳಲ್ಲಿದ್ದವು. ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಪಾಲಿಗೆ ಅವು ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲು. ಯೂನಿಕೋಡ್ ಬರಹ ಸಾಮಾನ್ಯವಾದ ಮೇಲೆಯೇ ಕನ್ನಡ ತುಣುಕು ಎಂಬುದು ನಿಜವಾಗಿ ಹುಟ್ಟಿತು.

ರಚನೆ

ಪುಟದ ಸಂಕೇತದ ತಲೆಭಾಗದಲ್ಲಿ ಮೆಟಾ ಅಂಶವಿರುತ್ತದೆ. ಅದರ ನೇಮ್ ಗುಣಕ್ಕೆ ಡಿಸ್ಕ್ರಿಪ್ಷನ್ ಎಂಬ ಬೆಲೆಯನ್ನೂ, ಕಂಟೆಂಟ್ ಗುಣಕ್ಕೆ ನಮ್ಮ ವಾಕ್ಯವನ್ನೂ ಕೊಡುತ್ತಾರೆ. ವಾಕ್ಯವನ್ನು ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಇಡುವುದರಿಂದ, ವಾಕ್ಯದೊಳಗೆ ಮತ್ತೊಂದು ನೇರ ಜೋಡಿ ಚಿಹ್ನೆ ಬಂದರೆ ಅಲ್ಲಿಗೇ ವಿವರಣೆ ಮುಗಿದಂತಾಗಿ ಉಳಿದದ್ದು ಬಿದ್ದುಹೋಗುತ್ತದೆ. ಒಳಗಿನ ಉದ್ಧರಣಕ್ಕೆ ಒಂಟಿ ಚಿಹ್ನೆ ಬಳಸುವುದು ಸುರಕ್ಷಿತ. ಜಾಲತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ತನ್ನಷ್ಟಕ್ಕೆ ವಿವರಣೆ ಟ್ಯಾಗ್ ಹಾಕುವುದಿಲ್ಲ. ಯೋಸ್ಟ್, ರ್‍ಯಾಂಕ್ ಮ್ಯಾತ್‌ನಂಥ ಪ್ಲಗಿನ್ ಸೇರಿಸಿದಾಗ ಅದಕ್ಕೊಂದು ಖಾನೆ ತೆರೆದುಕೊಳ್ಳುತ್ತದೆ.

ಉದ್ದಕ್ಕೆ ಗೂಗಲ್ ಯಾವ ಮಿತಿಯನ್ನೂ ವಿಧಿಸಿಲ್ಲ. ಪರದೆಯ ಅಗಲಕ್ಕೆ ತಕ್ಕಂತೆ ತುಣುಕನ್ನು ಕತ್ತರಿಸಿ ಮೂರು ಚುಕ್ಕೆ ಇಡುತ್ತದೆ, ಅಷ್ಟೆ. ಇಂಗ್ಲಿಷ್ ಬರಹಗಾರರು ರೂಢಿಯಿಂದ 150ರಿಂದ 160 ಅಕ್ಷರ ಎಂದು ಹೇಳುವ ಲೆಕ್ಕ ಕನ್ನಡಕ್ಕೆ ನೇರವಾಗಿ ಒಪ್ಪುವುದಿಲ್ಲ. ‘ಒಣದ್ರಾಕ್ಷಿ’ ಪದವನ್ನೇ ನೋಡಬಹುದು. ಓದುವವರ ಲೆಕ್ಕದಲ್ಲಿ ಅದು ಒ, ಣ, ದ್ರಾ, ಕ್ಷಿ ಎಂಬ ನಾಲ್ಕು ಅಕ್ಷರ. ಕಂಪ್ಯೂಟರ್ ಲೆಕ್ಕದಲ್ಲಿ ಒತ್ತು, ಗುಣಿತ, ಹಲಂತ ಚಿಹ್ನೆಗಳೆಲ್ಲ ಬೇರೆ ಬೇರೆಯಾದ್ದರಿಂದ 10 ಸಂಕೇತ. ‘ಗೋಳಗುಮ್ಮಟ’ದಲ್ಲಿ ಐದು ಅಕ್ಷರ, 9 ಸಂಕೇತ. ಪ್ಲಗಿನ್‌ನ ಎಣಿಕೆ ಪಟ್ಟಿ ತೋರಿಸುವುದು ಸಂಕೇತಗಳ ಸಂಖ್ಯೆಯನ್ನು. ಪರದೆಯ ಮೇಲೆ ಜಾಗ ತಿನ್ನುವುದು ಅಕ್ಷರದ ಅಗಲ. ಹೀಗಾಗಿ ಎಣಿಕೆ ಪಟ್ಟಿ ಕೆಂಪಾದರೂ ಕನ್ನಡ ವಾಕ್ಯ ಪೂರ್ತಿ ಕಾಣಬಹುದು, ಹಸಿರಾಗಿದ್ದರೂ ತುಂಡಾಗಬಹುದು. ನಂಬಬಹುದಾದ ಕ್ರಮವೆಂದರೆ ಮೊಬೈಲ್‌ನಲ್ಲೇ ತೆರೆದು ನೋಡುವುದು, ಮತ್ತು ಮುಖ್ಯ ಸಂಗತಿಯನ್ನು ಮೊದಲ ಅರ್ಧದಲ್ಲೇ ಹೇಳಿ ಮುಗಿಸುವುದು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಈ ಎಚ್ಚರ ಹೆಚ್ಚು ಬೇಕು. ಉದ್ದ ವಾಕ್ಯದ ಬಾಲ ಕತ್ತರಿಸಿದರೆ ‘ಸಿಗುತ್ತದೆ’ಯೋ ‘ಸಿಗುವುದಿಲ್ಲ’ವೋ ಗೊತ್ತಾಗದೆ ಹೋಗುತ್ತದೆ. ಎರಡು ಮೂರು ಚಿಕ್ಕ ವಾಕ್ಯಗಳು, ನಾಮಪದದಲ್ಲಿ ಮುಗಿಯುವ ತುಂಡುಗಳು ಇಲ್ಲಿ ಒಗ್ಗುತ್ತವೆ.

ಹುಡುಕಿದ ಪದ ತುಣುಕಿನಲ್ಲಿದ್ದರೆ ಅದನ್ನು ಗೂಗಲ್ ದಪ್ಪಕ್ಷರದಲ್ಲಿ ತೋರಿಸುತ್ತದೆ. ಜನ ಆಡುವ ಪದ ವಿವರಣೆಯಲ್ಲಿ ಇರಬೇಕಾದ ಕಾರಣಗಳಲ್ಲಿ ಇದೂ ಒಂದು.

ಸ್ಥಳನಾಮ ಮತ್ತು ಹುಡುಕುಪದ

ಬಿಜಾಪುರ 2014ರ ನವೆಂಬರ್ 1ರಂದು ಅಧಿಕೃತವಾಗಿ ವಿಜಯಪುರವಾಯಿತು. ರಾಜ್ಯದ 12 ನಗರಗಳ ಹೆಸರು ಅಂದು ಬದಲಾಯಿತು. ರೈಲು ನಿಲ್ದಾಣದ ಸಂಕೇತ ಮಾತ್ರ ಇಂದಿಗೂ ಬಿಜೆಪಿ ಎಂಬ ಹಳೆಯ ಮೂರಕ್ಷರವೇ. ಪ್ರವಾಸಿ ಪುಸ್ತಕ, ಕಲಾ ಇತಿಹಾಸದ ಗ್ರಂಥ, ಹೊರರಾಜ್ಯದ ವ್ಯಾಪಾರಿಗಳ ಬಾಯಿಯಲ್ಲಿ ಹಳೆಯ ಹೆಸರು ಉಳಿದುಕೊಂಡಿದೆ. ಸರ್ಕಾರಿ ಪುಟಗಳು ಹೊಸ ಹೆಸರನ್ನು ಬಳಸುತ್ತವೆ. ಹಳೆಯ ಹೆಸರಿನಲ್ಲಿ ಹುಡುಕಿದರೆ ಛತ್ತೀಸಗಡದ ಬಿಜಾಪುರ ಜಿಲ್ಲೆಯೂ ಬರುತ್ತದೆ, ಹೊಸ ಹೆಸರಿನಲ್ಲಿ ಹುಡುಕಿದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆ ದೇವನಹಳ್ಳಿ ತಾಲ್ಲೂಕಿನ ವಿಜಯಪುರ ಪಟ್ಟಣವೂ ಬರುತ್ತದೆ. ಇಂಥಲ್ಲಿ ‘ವಿಜಯಪುರ (ಬಿಜಾಪುರ), ಉತ್ತರ ಕರ್ನಾಟಕ’ ಎಂದು ಒಮ್ಮೆ ಬರೆಯುವುದು ಮೂರೂ ಗೊಂದಲಗಳನ್ನು ಬಿಡಿಸುತ್ತದೆ. ವಿವರಣೆಯಲ್ಲಿ ಹಳೆಯ ಹೆಸರು ಬಳಸುವುದು ಮರುನಾಮಕರಣಕ್ಕೆ ಮಾಡುವ ಅಗೌರವವಲ್ಲ, ಹುಡುಕುವವರಿಗೆ ಮಾಡುವ ಉಪಕಾರ.

ತಿಕೋಟಾ ಮತ್ತು ಬಬಲೇಶ್ವರ ಮೊದಲು ವಿಜಯಪುರ ತಾಲ್ಲೂಕಿನಲ್ಲೇ ಇದ್ದು, ಹೊಸ ತಾಲ್ಲೂಕುಗಳ ರಚನೆಯಲ್ಲಿ ಬೇರ್ಪಟ್ಟವು. ತಿಕೋಟಾ ನಗರದ ಪಶ್ಚಿಮಕ್ಕೆ ಅಥಣಿಯ ದಾರಿಯಲ್ಲಿದೆ. ಬಬಲೇಶ್ವರ ನೈಋತ್ಯಕ್ಕೆ ಜಮಖಂಡಿಯ ದಾರಿಯಲ್ಲಿದೆ. ಹಳೆಯ ಪುಟಗಳಲ್ಲಿ ಎರಡರ ವಿಳಾಸವೂ ‘ವಿಜಯಪುರ ತಾಲ್ಲೂಕು’ ಎಂದೇ ಉಳಿದಿರುವುದುಂಟು. ಬಬಲೇಶ್ವರವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವಾಗ ಕೊನೆಯ ಸ್ವರ ಸೇರಿಸುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಕನ್ನಡದಲ್ಲಿ ತಿಕೋಟಾ, ತಿಕೋಟ ಎರಡೂ ಚಾಲ್ತಿಯಲ್ಲಿವೆ. ಕಾಗುಣಿತದ ಸಣ್ಣ ಭೇದಗಳನ್ನು ಯಂತ್ರಗಳು ಸಾಕಷ್ಟು ಚೆನ್ನಾಗಿ ಗುರುತಿಸುತ್ತವೆ. ಎಲ್ಲ ರೂಪಗಳನ್ನೂ ಅಲ್ಪವಿರಾಮ ಹಾಕಿ ಪೋಣಿಸಿದರೆ ವಿವರಣೆ ಓದಲು ಬಾರದ ಪಟ್ಟಿಯಾಗುತ್ತದೆ.

ಸ್ಥಳೀಯ ಪದಗಳದ್ದು ಇನ್ನೂ ಮುಖ್ಯ ಸಂಗತಿ. ಜಮೀನಿನ ದಾಖಲೆಗೆ ದಕ್ಷಿಣದಲ್ಲಿ ಪಹಣಿ ಎನ್ನುತ್ತಾರೆ, ಕಚೇರಿ ಕಾಗದದಲ್ಲಿ ಆರ್‌ಟಿಸಿ ಎಂದಿರುತ್ತದೆ, ಈ ಭಾಗದ ರೈತರು ಕೇಳುವುದು ಉತಾರ. ಬಬಲೇಶ್ವರದ ರೈತರಿಗಾಗಿ ಮಾಡಿದ ಸೇವಾ ಪುಟದ ವಿವರಣೆಯಲ್ಲಿ ‘ಉತಾರ’ ಎಂಬ ಮಾತೇ ಇಲ್ಲದಿದ್ದರೆ ಆ ಪುಟ ತಮಗಾಗಿ ಎಂದು ಅವರಿಗೆ ಹೊಳೆಯುವುದಿಲ್ಲ. ಒಣದ್ರಾಕ್ಷಿಗೆ ಇಲ್ಲಿ ಮಣೂಕ ಎಂಬ ಹೆಸರೂ ಇದೆ. ಇಂಗ್ಲಿಷ್ ಲಿಪಿಯಲ್ಲಿ ಟೈಪ್ ಮಾಡಿದಾಗ ಅದು ನ್ಯೂಜಿಲೆಂಡಿನ ಮನುಕಾ ಜೇನಿನ ಹೆಸರಿನೊಂದಿಗೆ ಬೆರೆಯುತ್ತದೆ; ‘ಒಣದ್ರಾಕ್ಷಿ’ ಅಥವಾ ‘ಕಿಸ್ಮಿಸ್’ ಎಂಬುದನ್ನು ಜೊತೆಗಿಟ್ಟರೆ ಈ ತೊಡಕಿಲ್ಲ.

ಬಗೆಗಳು

ಸ್ಮಾರಕ ಮತ್ತು ಪ್ರವಾಸ ಪುಟಗಳ ವಿವರಣೆಯನ್ನು ಓದುವವರು ಇಬ್ಬರು. ಒಬ್ಬರಿಗೆ ಇತಿಹಾಸ ಬೇಕು, ಇನ್ನೊಬ್ಬರಿಗೆ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂಬುದು ಬೇಕು. ‘ವಿಜಯಪುರದ ವಿಶ್ವವಿಖ್ಯಾತ ಗೋಳಗುಮ್ಮಟ ನೋಡಲು ಎರಡು ಕಣ್ಣು ಸಾಲದು’ ಎಂಬ ವಾಕ್ಯ ಇಬ್ಬರಿಗೂ ಏನನ್ನೂ ಕೊಡುವುದಿಲ್ಲ. ಇದಕ್ಕೆ ಬದಲಾಗಿ ಹೀಗೆ ಬರೆಯಬಹುದು: ‘ಮುಹಮ್ಮದ್ ಆದಿಲ್‌ಶಾಹನ (ಮರಣ 1656) ಸಮಾಧಿ. ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟ, ಪಿಸುಮಾತು ಮಾರ್ದನಿಸುವ ಮೊಗಸಾಲೆ. ವೇಳೆ, ಟಿಕೆಟ್ ದರ, ರೈಲು ನಿಲ್ದಾಣದಿಂದ ದಾರಿ.’ ಕೊನೆಯ ತುಂಡು ಒತ್ತುವ ಕಾರಣವನ್ನು ಕೊಡುತ್ತದೆ. ಆ ಮೂರೂ ಮಾಹಿತಿ ಪುಟದಲ್ಲಿ ನಿಜವಾಗಿ ಇರಬೇಕು. ಇಬ್ರಾಹಿಂ ರೋಜಾ, ಬಾರಾ ಕಮಾನ್, 1549ರಲ್ಲಿ ಎರಕಹೊಯ್ದ ಮಲಿಕ್-ಎ-ಮೈದಾನ್ ತೋಪು ಇವುಗಳಿಗೆ ಪ್ರತ್ಯೇಕ ಪುಟಗಳಿದ್ದರೆ ಪ್ರತ್ಯೇಕ ವಿವರಣೆಗಳೇ ಬೇಕು. ಒಂದೇ ವಾಕ್ಯವನ್ನು ಎಲ್ಲ ಪುಟಕ್ಕೂ ಅಂಟಿಸಿದರೆ ಯಂತ್ರ ಅದನ್ನು ಬದಿಗಿಟ್ಟು ತನಗೆ ತೋಚಿದ ಸಾಲನ್ನು ಎತ್ತಿಕೊಳ್ಳುವ ಸಾಧ್ಯತೆ ಹೆಚ್ಚು.

ಸರಕಿನ ಪುಟಗಳ ವಿವರಣೆಗೆ ತಿಕೋಟಾ, ಬಬಲೇಶ್ವರ ಭಾಗದ ಒಣದ್ರಾಕ್ಷಿ ಒಳ್ಳೆಯ ನಿದರ್ಶನ. ಇಲ್ಲಿ ಅಕ್ಟೋಬರ್ ಆಸುಪಾಸಿನ ಚಾಟನಿಯ (ಬಳ್ಳಿ ಸವರುವಿಕೆಯ) ನಂತರ ಬರುವ ಹಣ್ಣು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೊಯ್ಲಾಗುತ್ತದೆ. ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದ ಬಂದ ಬೀಜರಹಿತ ತಳಿಗಳ ಗೊಂಚಲುಗಳನ್ನು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತು ಡಿಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್‌ನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಗಳ ಮೇಲೆ ನೆರಳಲ್ಲಿ ಒಣಗಿಸುತ್ತಾರೆ. ಬಣ್ಣ ಕಾಯಲು ಗಂಧಕದ ಹೊಗೆ ಕೊಡುವುದೂ ಉಂಟು. ಕೊಳ್ಳುವವರು ಕೇಳುವುದು ಇವನ್ನೇ: ಯಾವ ಹಂಗಾಮಿನ ಮಾಲು, ಬಣ್ಣ ಹಸಿರೋ ಹಳದಿಯೋ ಕಪ್ಪೋ, ಕಾಳಿನ ಗಾತ್ರ ಎಷ್ಟು, ಗಂಧಕ ಹಾಕಿದ್ದಾರೆಯೇ, ಎಷ್ಟು ಕಿಲೋದ ಬಾಕ್ಸ್. ಆದರೆ ಇಂಥ ಪುಟಗಳಲ್ಲಿ ಸಾಮಾನ್ಯವಾಗಿ ಕಾಣುವ ವಿವರಣೆ ಈ ಮಾದರಿಯದು: ‘ನಮ್ಮ ವೆಬ್‌ಸೈಟ್‌ಗೆ ಸ್ವಾಗತ. ಗ್ರಾಹಕರ ತೃಪ್ತಿಯೇ ನಮ್ಮ ಧ್ಯೇಯ. ಉತ್ತಮ ಗುಣಮಟ್ಟ, ಯೋಗ್ಯ ದರ.’ ಇದನ್ನು ಸಿಮೆಂಟ್ ಅಂಗಡಿಗೂ ಹಾಕಬಹುದು. ಅದೇ ಜಾಗದಲ್ಲಿ ‘ತಿಕೋಟಾ ತಾಲ್ಲೂಕಿನ ಥಾಮ್ಸನ್ ಒಣದ್ರಾಕ್ಷಿ (ಮಣೂಕ), ಈ ಹಂಗಾಮಿನ ಮಾಲು. ಶೆಡ್‌ನ ನೆರಳಲ್ಲಿ ಒಣಗಿಸಿ ಬಣ್ಣ, ಗಾತ್ರ ನೋಡಿ ವಿಂಗಡಿಸಿದ್ದು. 1 ಕಿಲೋ ಪೊಟ್ಟಣ, 15 ಕಿಲೋ ಬಾಕ್ಸ್: ದರ, ಕಳಿಸುವ ಖರ್ಚು’ ಎಂದಿದ್ದರೆ ಸೊಲ್ಲಾಪುರದ ಸಗಟು ವ್ಯಾಪಾರಿಗೂ ಬೆಂಗಳೂರಿನ ಗೃಹಿಣಿಗೂ ಬೇಕಾದ ಉತ್ತರದ ಸುಳಿವು ಸಿಗುತ್ತದೆ. ‘ಈ ಹಂಗಾಮಿನ’ ಎಂಬ ಮಾತನ್ನು ಬರೆದವರು ಮುಂದಿನ ವರ್ಷ ಅದನ್ನು ತಿದ್ದುವ ಹೊಣೆಯನ್ನೂ ಹೊತ್ತಿರುತ್ತಾರೆ. ಬದಲಾದ ವಿವರಣೆಯನ್ನು ಯಂತ್ರ ಮತ್ತೆ ಬಂದು ಓದಲು ಕೆಲವು ದಿನಗಳಿಂದ ವಾರಗಳೇ ಹಿಡಿಯುತ್ತವೆ. ಫೆಬ್ರುವರಿಯ ಮಾಲಿಗೆ ಜನವರಿಯಲ್ಲೇ ಬರೆದಿಡುವುದು ಮೇಲು.

ಶಿಕ್ಷಣ ಸಂಸ್ಥೆಗಳ ಪುಟಗಳಲ್ಲಿ ಕೋರ್ಸ್, ಪ್ರವೇಶದ ವರ್ಷ, ಸ್ಥಳ ಇಷ್ಟು ಬಂದರೆ ಸಾಕು. ರಾಜ್ಯ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅಕ್ಕಮಹಾದೇವಿಯ ಹೆಸರು ಬಂದಂತೆ ಹೆಸರು ಬದಲಾದ ಕಡೆ, ಹಳೆಯ ಹೆಸರನ್ನೂ ಪುಟದಲ್ಲಿ ಒಮ್ಮೆ ಸೂಚಿಸುವುದು ಉಪಯುಕ್ತ. ಸುದ್ದಿ ಪುಟಗಳಲ್ಲಿ ವರದಿಯ ಮೊದಲ ವಾಕ್ಯವೇ ವಿವರಣೆಯಾಗಿ ನಿಲ್ಲುತ್ತದೆ.

ಬರೆಯುವ ಕ್ರಮ ಮತ್ತು ಅಳತೆ

ಪುಟವನ್ನು ಪೂರ್ತಿ ಓದಿದ ಮೇಲೆಯೇ ವಿವರಣೆ ಬರೆಯಬೇಕು. ಪುಟ ಯಾವ ಪ್ರಶ್ನೆಗೆ ಉತ್ತರ ಎಂಬುದು ಖಚಿತವಾದರೆ ವಾಕ್ಯ ತಾನಾಗಿ ಕಟ್ಟಿಕೊಳ್ಳುತ್ತದೆ. ಉತ್ತರದ ಅರ್ಧವನ್ನು ಮುಚ್ಚಿಟ್ಟು ಕುತೂಹಲ ಕೆರಳಿಸುವ ‘ಇದನ್ನು ಓದಿದರೆ ಬೆಚ್ಚಿಬೀಳುತ್ತೀರಿ’ ಬಗೆಯ ವಾಕ್ಯ ಒಂದು ಕ್ಲಿಕ್ ತರಬಹುದು; ಒಳಗೆ ಬಂದವರು ಅಷ್ಟೇ ಬೇಗ ಹಿಂದಿರುಗುತ್ತಾರೆ. ಶೀರ್ಷಿಕೆಯಲ್ಲಿ ಹೇಳಿದ್ದನ್ನು ಮತ್ತೆ ಹೇಳಿದರೆ ಸಿಕ್ಕ ಜಾಗದ ಅರ್ಧ ವ್ಯರ್ಥ. ಕನ್ನಡ ಪುಟಕ್ಕೆ ಕನ್ನಡದಲ್ಲಿ, ಇಂಗ್ಲಿಷ್ ಪುಟಕ್ಕೆ ಇಂಗ್ಲಿಷಿನಲ್ಲಿ ವಿವರಣೆ ಇರಬೇಕು. ಇಂಗ್ಲಿಷ್ ವಿವರಣೆಯನ್ನು ಯಂತ್ರಾನುವಾದ ಮಾಡಿ ಕನ್ನಡ ಪುಟಕ್ಕೆ ಹಾಕಿದ್ದು ಮೊದಲ ಸಾಲಿನಲ್ಲೇ ಬಯಲಾಗುತ್ತದೆ.

ಅಳತೆಗೆ ಗೂಗಲ್‌ನ ಉಚಿತ ಸಾಧನ ಸರ್ಚ್ ಕನ್ಸೋಲ್ ಇದೆ. 2015ರವರೆಗೆ ಅದರ ಹೆಸರು ವೆಬ್‌ಮಾಸ್ಟರ್ ಟೂಲ್ಸ್. ಯಾವ ಪದ ಹುಡುಕಿದಾಗ ಪುಟ ಕಂಡಿತು, ಎಷ್ಟು ಸಲ, ಸರಾಸರಿ ಎಷ್ಟನೇ ಸ್ಥಾನದಲ್ಲಿ, ಎಷ್ಟು ಕ್ಲಿಕ್ ಬಂತು ಎಂಬ 16 ತಿಂಗಳ ಮಾಹಿತಿ ಅದರಲ್ಲಿ ಸಿಗುತ್ತದೆ. ಹೋಲಿಕೆ ಮಾಡುವಾಗ ಸ್ಥಾನ ಮತ್ತು ಹುಡುಕುಪದ ಎರಡೂ ಒಂದೇ ಇರಬೇಕು. ಎಂಟನೇ ಸ್ಥಾನದಿಂದ ಮೂರಕ್ಕೆ ಏರಿದ ಪುಟಕ್ಕೆ ಕ್ಲಿಕ್ ಹೆಚ್ಚಾದರೆ ಅದು ವಿವರಣೆಯ ಗುಣವೆಂದು ಹೇಳಲಾಗದು. ಒಣದ್ರಾಕ್ಷಿಯಂಥ ಹಂಗಾಮಿ ಸರಕಿನಲ್ಲಿ ಮಾರ್ಚ್ ತಿಂಗಳನ್ನು ಹಿಂದಿನ ವರ್ಷದ ಮಾರ್ಚ್ ಜೊತೆಗೆ ಹೋಲಿಸಬೇಕು, ಡಿಸೆಂಬರ್ ಜೊತೆಗಲ್ಲ.

ನಿಯಮಗಳು

2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಅಂತರಜಾಲ ಮತ್ತು ವೆಬ್‌ಸೈಟ್ ಮೂಲಕ ಮಾಡುವ ಪ್ರಚಾರವೂ ಜಾಹೀರಾತಿನ ವ್ಯಾಖ್ಯೆಯೊಳಗೆ ಬರುತ್ತದೆ. ಹಾಗಾಗಿ ಸರಕಿನ ಬಗ್ಗೆ ವಿವರಣೆಯಲ್ಲಿ ಸುಳ್ಳು ಹೇಳುವುದು ಬರಿಯ ಶೈಲಿಯ ದೋಷವಲ್ಲ. ಆಹಾರ ಪದಾರ್ಥಗಳ ಆರೋಗ್ಯ ಸಂಬಂಧಿ ಹೇಳಿಕೆಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಗಳಿವೆ. ‘ಸಾವಯವ’ ಎಂದು ಬರೆಯಲು ಸಾಮಾನ್ಯವಾಗಿ ಪ್ರಮಾಣೀಕರಣ ಬೇಕು. ಭೌಗೋಳಿಕ ಸೂಚಕಗಳ (ಜಿಐ ಮಾನ್ಯತೆಯ) ವಿಷಯದಲ್ಲಿ ಈ ಪ್ರದೇಶದವರು ವಿಶೇಷವಾಗಿ ಎಚ್ಚರದಿಂದಿರಬೇಕು. ನೆರೆಯ ಸಾಂಗ್ಲಿಯ ಒಣದ್ರಾಕ್ಷಿಗೆ ಆ ಮಾನ್ಯತೆ ಇದೆ. ಇಲ್ಲಿನ ಮಾಲು ತಾಸಗಾಂವ್, ಸಾಂಗ್ಲಿ ಪೇಟೆಗಳಲ್ಲಿ ಮಾರಾಟವಾಗುತ್ತದೆ ಎಂಬ ಕಾರಣಕ್ಕೆ ತಿಕೋಟಾದ ಮಾಲನ್ನು ‘ಸಾಂಗ್ಲಿ ಒಣದ್ರಾಕ್ಷಿ’ ಎಂದು ಬರೆಯುವಂತಿಲ್ಲ. ಜಿಲ್ಲೆಯ ಇಂಡಿ ಲಿಂಬೆಗೆ 2023ರಲ್ಲಿ ಸಿಕ್ಕ ಸೂಚಕವೂ ಆ ಲಿಂಬೆಗೇ ಸೀಮಿತ.

ಸರ್ಕಾರಿ ಜಾಲತಾಣಗಳಿಗೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದ್ದು, ಅದರ ಮೂರನೇ ಆವೃತ್ತಿ 2023ರಲ್ಲಿ ಬಂದಿತು. ಪುಟದ ಶೀರ್ಷಿಕೆ, ವಿವರಣೆ, ಭಾಷೆ ಮೊದಲಾದ ಮಾಹಿತಿಯನ್ನು ಸರಿಯಾಗಿ ನಮೂದಿಸುವುದು ಇಂಥ ತಾಣಗಳ ಕರ್ತವ್ಯ. ವಿಜಯಪುರ ಜಿಲ್ಲಾ ತಾಣ ಕನ್ನಡ, ಇಂಗ್ಲಿಷ್ ಎರಡರಲ್ಲೂ ಇದೆ.

ತುಣುಕು ತೋರಿಸದಂತೆ ತಡೆಯುವ ಹಕ್ಕು ಪುಟದ ಮಾಲೀಕರಿಗಿದೆ. ಅದರ ಉದ್ದಕ್ಕೆ ಮಿತಿ ಹಾಕಲು ಮತ್ತು ಪುಟದ ನಿರ್ದಿಷ್ಟ ಭಾಗವನ್ನು ತುಣುಕಿನಿಂದ ಹೊರಗಿಡಲು ಬೇಕಾದ ಸೂಚನೆಗಳನ್ನು ಗೂಗಲ್ 2019ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು.

ಸದ್ಯದ ಸ್ಥಿತಿ

ಗೂಗಲ್‌ನ ಧ್ವನಿ ಶೋಧ 2017ರ ಆಗಸ್ಟ್‌ನಲ್ಲಿ ಕನ್ನಡಕ್ಕೂ ಬಂದ ಮೇಲೆ ಹುಡುಕುಪದಗಳು ಉದ್ದವಾಗಿವೆ, ಆಡುಮಾತಿಗೆ ಹತ್ತಿರವಾಗಿವೆ. ಪುಟದ ಒಳಬರಹದಲ್ಲೇ ಪ್ರಶ್ನೆಗೆ ನೇರ ಉತ್ತರವಿದ್ದರೆ ಯಂತ್ರ ಅದನ್ನೇ ತುಣುಕಾಗಿ ಎತ್ತಿಕೊಳ್ಳುತ್ತದೆ. ಆದ್ದರಿಂದ ವಿವರಣೆ ಟ್ಯಾಗ್‌ಗೆ ಕೊಡುವ ಕಾಳಜಿಯನ್ನು ಪುಟದ ಮೊದಲ ಪರಿಚ್ಛೇದಕ್ಕೂ ಕೊಡುವುದು ಈಗಿನ ಅಗತ್ಯ.

2024ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂದ ಗೂಗಲ್‌ನ ಕೃತಕ ಬುದ್ಧಿಮತ್ತೆಯ ಸಾರಾಂಶಗಳು ಹಲವು ಪ್ರಶ್ನೆಗಳಿಗೆ ಫಲಿತಾಂಶಗಳ ಮೇಲ್ಗಡೆಯೇ ಉತ್ತರ ಕೊಡುತ್ತವೆ. ಗೋಳಗುಮ್ಮಟದ ವ್ಯಾಸ ಎಷ್ಟು ಎಂದು ಕೇಳಿದವರು ಯಾವ ಪುಟವನ್ನೂ ತೆರೆಯದೆ ಹೋಗಬಹುದು. ಮೇಲೆ ಹೇಳಿದ ತುಣುಕು ನಿಯಂತ್ರಣದ ಸೂಚನೆಗಳು ಈ ಸಾರಾಂಶಗಳಿಗೂ ಅನ್ವಯಿಸುತ್ತವೆ. ಸರಕಿನ ದರ, ದಾಸ್ತಾನು, ಪ್ರವೇಶದ ಅರ್ಜಿ ಇಂಥವುಗಳಿಗೆ ಮಾತ್ರ ಪುಟವನ್ನು ತೆರೆಯಲೇಬೇಕು. ವಿವರಣೆಯ ಬಲ ಇಂದು ಉಳಿದಿರುವುದು ಮುಖ್ಯವಾಗಿ ಇಂಥ ಪುಟಗಳಲ್ಲಿ.

ಸಣ್ಣ ವ್ಯಾಪಾರಿಗಳ ವಿಷಯದಲ್ಲಿ ಇನ್ನೆರಡು ವಿವರಣೆಗಳು ಅಷ್ಟೇ ಮುಖ್ಯವಾಗಿವೆ. ಗೂಗಲ್ ನಕ್ಷೆಯಲ್ಲಿ ಅಂಗಡಿ, ಶೆಡ್ ಅಥವಾ ಶೀತಲ ಗೃಹವನ್ನು ನಮೂದಿಸುವಾಗ 750 ಅಕ್ಷರಗಳವರೆಗೆ ಪರಿಚಯ ಬರೆಯಲು ಅವಕಾಶವಿದೆ. ಅಲ್ಲಿ ಕೊಂಡಿ ಹಾಕುವಂತಿಲ್ಲ, ರಿಯಾಯಿತಿ ಮತ್ತು ದರಗಳ ಪ್ರಚಾರಕ್ಕೆ ಅದು ಜಾಗವಲ್ಲ. ಇನ್ನೊಂದು, ಪುಟದ ಕೊಂಡಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದಾಗ ಚಿತ್ರದ ಜೊತೆ ಕಾಣುವ ಬರಹ. ಫೇಸ್‌ಬುಕ್ 2010ರಲ್ಲಿ ರೂಪಿಸಿದ ಓಪನ್ ಗ್ರಾಫ್ ಟ್ಯಾಗ್‌ಗಳಿಂದ ಅದು ಬರುತ್ತದೆ, ವಿವರಣೆ ಟ್ಯಾಗ್‌ನಿಂದ ಬೇರೆಯಾಗಿ ಬರೆಯಬಹುದು. ಮಾಲಿನ ಚಿತ್ರ, ದರ, ಮಾದರಿಗಳ ಮಾತುಕತೆ ಮೊಬೈಲ್‌ನಲ್ಲೇ ನಡೆಯುವ ಒಣದ್ರಾಕ್ಷಿ ವ್ಯಾಪಾರದಲ್ಲಿ ಈ ಟ್ಯಾಗನ್ನು ಖಾಲಿ ಬಿಟ್ಟರೆ ಕೊಳ್ಳುವವರ ಕೈಗೆ ವಿವರವಿಲ್ಲದ ಒಂದು ವಿಳಾಸ ಮಾತ್ರ ಹೋಗಬಹುದು.